ಮರಗಳಿಗೆ ನಾನು ಮಾಡಿದ ಭಾಷಣಗಳು

ನನ್ನ ಭಾಷಣ ಕೇಳುತ್ತ ಜನ ನಿದ್ದೆ ಹೋಗಿದ್ದನ್ನು ನೋಡಿದ್ದೇನೆ. ಎದ್ದು ಹೋಗಿದ್ದನ್ನೂ ನೋಡಿದ್ದೇನೆ. ಎದ್ದು ಹೋಗಲೂ ಆಗದೆ, ನಿದ್ದೆ ಮಾಡಲೂ ಆಗದೆ, ನಿಂತಲ್ಲೇ ನಿಂತು ಕೊನೆಯವರೆಗೂ ಕೇಳಿದ ಸಭಿಕರು ನನಗೆ ಸಿಕ್ಕಿದ್ದು ಆ ಊರಿನಲ್ಲಿ ಮಾತ್ರ. ಅವು ಸಾಗವಾನಿ ಮರಗಳು.

ರಾಷ್ಟ್ರೀಯ ವನಸಂವರ್ಧನಾ ಸಂಘದಲ್ಲಿ ನಾನು ಪ್ರಚಾರಕನಾಗಿದ್ದೆ. ಕಾಡಿನ ಒಂದು ಕಡ್ಡಿಯನ್ನೂ ಮುಟ್ಟಬಾರದು ಎನ್ನುವವರು ಒಂದು ಕಡೆ, ಇದ್ದಷ್ಟನ್ನು ಕಡಿದು ಮುಗಿಸೋಣ ಎನ್ನುವವರು ಇನ್ನೊಂದು ಕಡೆ. ನಡುವೆ ನಿಂತು ಇಬ್ಬರಿಂದಲೂ ಬೈಸಿಕೊಳ್ಳುವುದು ನಮ್ಮ ಸಂಘದ ಕೆಲಸ. ಕಾಡನ್ನು ಬಳಸಿ, ಆದರೆ ಮೊಮ್ಮಕ್ಕಳ ಕಾಲಕ್ಕೂ ಅದು ಕಾಡಾಗಿಯೇ ಇರುವ ಹಾಗೆ ಬಳಸಿ ಎಂದು ನಾವು ಊರೂರು ತಿರುಗಿ ಹೇಳುತ್ತಿದ್ದೆವು. 'ಉಳಿಸಿ ಬಳಸಿ, ಬಳಸಿ ಉಳಿಸಿ' ಎಂಬುದು ನಮ್ಮ ಘೋಷಣೆ. ಅದನ್ನು ಸಂಘದ ಛತ್ರಿಗಳ ಮೇಲೆ ಅಚ್ಚು ಹಾಕಿಸಿದ್ದರು. ನನ್ನ ಛತ್ರಿಯ ಎರಡು ಕಡ್ಡಿ ಮುರಿದಿದ್ದರಿಂದ ಬಟ್ಟೆ ಒಂದು ಕಡೆ ಮಡಚಿಕೊಂಡು, ನೋಡಿದವರಿಗೆ 'ಬಳಸಿ ಬಳಸಿ' ಎಂದಷ್ಟೇ ಕಾಣುತ್ತಿತ್ತು. ಇದು ನನಗೆ ಗೊತ್ತಾಗುವ ಹೊತ್ತಿಗೆ ನಾನು ಒಂದು ಇಡೀ ಜಿಲ್ಲೆ ಸುತ್ತಿ ಬಂದಿದ್ದೆ.

ಆ ಊರಿಗೆ ನನ್ನನ್ನು ಕಳಿಸುವಾಗ ಮುಖ್ಯ ಕಚೇರಿಯಲ್ಲಿ, "ಗುರುಪಾದ, ಅಲ್ಲಿ ಎಲ್ಲ ಮಾತಿನಿಂದಲೇ ಆಗುವುದು. ನಿನ್ನಂಥವನೇ ಬೇಕು" ಎಂದರು. ನಾನು ಹೊಗಳಿಕೆ ಎಂದುಕೊಂಡೆ. ನಾನು ಹೊರಟ ದಿನ ಸಹೋದ್ಯೋಗಿಗಳು ಸ್ವಂತ ಖರ್ಚಿನಲ್ಲಿ ಸಿಹಿ ತರಿಸಿ ಹಂಚಿದರು. ಅದನ್ನೂ ಪ್ರೀತಿ ಎಂದೇ ತಿಳಿದೆ.

ರೈಲು ಜಂಕ್ಷನ್ನಿನವರೆಗೆ ಹೋಗುತ್ತಿತ್ತು. ಅಲ್ಲಿಂದ ಮುಂದೆ ಬಸ್ಸು. ರಸ್ತೆಗೇ ಸಾಕಾಗಿ ನಿಂತುಬಿಟ್ಟ ಹಾಗಿದ್ದ ಜಾಗದಲ್ಲಿ ಬಸ್ಸೂ ನಿಂತಿತು, ಅದೇ ಊರು. ಒಂದು ಸಂತೆ ಬಯಲು, ಒಂದು ಶಾಲೆ, ಕುಂಬಾರ ಓಣಿ, ಬಡಿಗೇರ ಓಣಿ, ಸುತ್ತ ಕಾಡು. ಅಲ್ಲಿಯ ಕಾಡಿನಲ್ಲಿ ಮರ ಬೇಕಾದವರು ಅದರ ಬೊಡ್ಡೆಯ ಮೇಲೆ ಅಂಗೈ ಇಟ್ಟು, ಯಾತಕ್ಕೆ ಬೇಕು ಎಂದು ಬಾಯಿಬಿಟ್ಟು ಹೇಳಬೇಕು. ಮರಕ್ಕೆ ಒಪ್ಪಿಗೆಯಾದರೆ ತಾನೇ ಎಮ್ಮೆ ಮಲಗಿದ ಹಾಗೆ ನಿಧಾನವಾಗಿ ಒರಗಿ ಮಲಗುತ್ತದೆ. ಒಪ್ಪದಿದ್ದರೆ ಕೊಡಲಿ ಬಂಡೆಗೆ ಬಡಿದಂತೆ ಪುಟಿಯುತ್ತದೆ. ಇದನ್ನು ನನಗೆ ಹೇಳಿದ್ದು ಬಸ್ಸಿನ ಕಂಡಕ್ಟರು. ವಾಪಸ್ಸು ಬಸ್ಸು ಎಷ್ಟು ಹೊತ್ತಿಗೆ ಎಂದು ಹೇಳಿದ ದನಿಯಲ್ಲೇ ಇದನ್ನೂ ಹೇಳಿ, ಚಿಲ್ಲರೆ ಇಲ್ಲ ಎಂದು ಮುಂದಕ್ಕೆ ಹೋದರು.

ಇನ್ನೊಂದು ಮಾತಿತ್ತು. ಯಾವ ಕಾರಣ ಹೇಳಿ ತಂದಿದ್ದರೋ ಆ ಕೆಲಸಕ್ಕೆ ಮಾತ್ರ ಆ ಕಟ್ಟಿಗೆ ಒದಗುತ್ತಿತ್ತು. ತೊಟ್ಟಿಲಿಗೆಂದು ತಂದಿದ್ದರಲ್ಲಿ ಬಾಗಿಲು ಮಾಡಹೋದರೆ ಉದ್ದಕ್ಕೂ ಸೀಳುತ್ತಿತ್ತು. ಹಾಗಾಗಿ ಬಡಿಗೇರ ಓಣಿಯಲ್ಲಿ ಉಳಿ ಮುಟ್ಟುವ ಮೊದಲು, "ಏನಂತ ಹೇಳಿ ತಂದೀರಿ?" ಎಂದು ಕೇಳುವುದು ರೂಢಿ. ಗಂಡ ಹೆಂಡತಿ ಕಾಡಿಗೆ ಹೋಗುವ ದಾರಿಯಲ್ಲಿ ಜಗಳವಾಡಿ ಒಂದು ಮಾತಿಗೆ ಬಂದಿರುತ್ತಿದ್ದರು. ಹೆಣ್ಣು ನೋಡಲು ಬಂದವರು ಹುಡುಗಿಯ ಕೈಯಡುಗೆ ಕೇಳಿದಂತೆ, ಹುಡುಗಿಯ ಕಡೆಯವರು ಹುಡುಗನ ಮಾತಿಗೆ ಮರ ಬೀಳುತ್ತದೆಯೇ ಎಂದು ವಿಚಾರಿಸುತ್ತಿದ್ದರು. ನಾನು ಹೋದ ಹೊಸತರಲ್ಲೇ ಒಂದು ಹೊಸ ಜೋಡಿ ಮಂಚಕ್ಕೆ ಮರ ಕೇಳುವುದನ್ನು ನೋಡಿದೆ. ಹುಡುಗ ತಲೆ ತಗ್ಗಿಸಿ, ಬಂದ ಬೀಗರಿಗೆ ಕೂರಲು ಬೇಕು ಎಂದ. ಮರ ಅಲುಗಲಿಲ್ಲ. ಹುಡುಗಿ ಅವನನ್ನು ಪಕ್ಕಕ್ಕೆ ಸರಿಸಿ ತಾನೇ ಕೈಯಿಟ್ಟು ಇದ್ದದ್ದನ್ನು ಹೇಳಿದಳು. ಅಲ್ಲಿದ್ದ ಹಿರಿಯರೆಲ್ಲ ಆಕಾಶದ ಕಡೆ ಮುಖ ಮಾಡಿ ಮೋಡ ನೋಡಿದರು. ಮರ ಮಲಗಿತು.

ನನ್ನ ಕೆಲಸ ಇದ್ದದ್ದು ಕುಂಬಾರ ಓಣಿಯ ಬೆನ್ನಿಗಿದ್ದ ಸಾಗವಾನಿ ನೆಡುತೋಪಿನಲ್ಲಿ. ನಮ್ಮ ಸಂಘದ ಹಿಂದಿನ ತಲೆಮಾರಿನವರು ಅದನ್ನು ಒತ್ತೊತ್ತಾಗಿ ನೆಟ್ಟು, ಫೋಟೋ ತೆಗೆಸಿಕೊಂಡು ಹೋದವರು ಮತ್ತೆ ಬಂದಿರಲಿಲ್ಲ. ಸಾಲು ಬಿಡಿಸದೆ ಮರಗಳು ಬೆಳಕಿಗಾಗಿ ಹೊಡೆದಾಡುತ್ತ, ಸೊರಗಿ, ಗಳುವಿನಂತೆ ಉದ್ದಕ್ಕೆ ಹೋಗಿದ್ದವು. ಊರಿನವರು ಅವುಗಳ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಒಂದು ಸೌಟಿನ ಹಿಡಿ ಬೇಕಾದರೂ ದೊಡ್ಡ ಕಾಡಿಗೆ ಹೋಗಿ, ಇದ್ದುದರಲ್ಲಿ ನೆಟ್ಟಗಿನ, ದಪ್ಪನೆಯ ಮರವನ್ನೇ ಕೇಳುತ್ತಿದ್ದರು. ಅಲ್ಲಿ ಒಳ್ಳೆಯ ಮರಗಳು ಒಂದೊಂದಾಗಿ ತೀರುತ್ತಿದ್ದವು, ಇಲ್ಲಿ ಬಡಕಲು ಮರಗಳು ಉಸಿರುಗಟ್ಟಿ ನಿಂತಿದ್ದವು. ನಡುನಡುವಿನ ಸೊರಗಿದ ಮರಗಳನ್ನು ತೆಗೆದು ಉಳಿದವಕ್ಕೆ ಜಾಗ ಮಾಡಿಕೊಡುವುದಕ್ಕೆ ಸಂಘದ ಭಾಷೆಯಲ್ಲಿ ವಿರಳೀಕರಣ ಎನ್ನುತ್ತಾರೆ. ಬೇಸಿಗೆ ಮುಗಿಯುವುದರೊಳಗೆ ಸಂಘದ ಅಧ್ಯಕ್ಷರು ಬಂದು ಅದನ್ನು ನೋಡುವವರಿದ್ದರು.

ಮೊದಲ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ನಕ್ಷೆಯ ಸುರುಳಿ ಹಿಡಿದುಕೊಂಡು ಹೋದೆ. ನೋಡಲು ಜನವೂ ಸೇರಿದ್ದರು. ಸೊಟ್ಟಗಿದ್ದ ಒಂದು ಮರವನ್ನು ಆರಿಸಿ, ಅಂಗೈ ಇಟ್ಟು, "ಆತ್ಮೀಯ ವೃಕ್ಷವೇ" ಎಂದು ಶುರುಮಾಡಿದೆ. ನಿನ್ನ ಬಂಧುಗಳ ಏಳಿಗೆಗಾಗಿ, ನಾಡಿನ ವನಸಂಪತ್ತಿನ ವೃದ್ಧಿಗಾಗಿ, ಮುಂದಿನ ಪೀಳಿಗೆಗಾಗಿ ನೀನು ಬೀಳುವುದು ಎಷ್ಟು ಉಚಿತ ಎಂದು ವಿವರಿಸಿದೆ. ಬಿಸಿಲು ನೆತ್ತಿಗೆ ಬಂತು. ಸಭೆಯ ಅರ್ಧ ಜನ ಊಟಕ್ಕೆ ಹೋಗಿ ಬಂದರು. ಮರ ನಿಂತೇ ಇತ್ತು. ಕೊನೆಗೆ ಮೌನಪ್ಪ ಬಡಿಗೇರರು, ಓಣಿಯ ಹಿರಿಯ ಬಡಿಗರು, ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದರು: "ಸಾಹೇಬರ, ಕಟ್ಟಿಗಿ ಏನ್ ಮಾಡ್ತೀರಿ ಅನ್ನೂದ ಹೇಳಲಿಲ್ಲಲ್ರಿ."

ಹರಾಜು ಹಾಕುತ್ತೇವೆ ಎಂದೆ. ಹರಾಜಿನಲ್ಲಿ ತೆಗೆದುಕೊಂಡವರು ಏನು ಮಾಡುತ್ತಾರೆ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಮರಕ್ಕೂ ಅದೇ ಅನುಮಾನವಿದ್ದಂತೆ ಕಂಡಿತು.

ಆಮೇಲೆ ದಿನವೂ ಹೋದೆ. ಅಂಕಿ ಅಂಶ ಹೇಳಿ ನೋಡಿದೆ, ಗದರಿಸಿ ನೋಡಿದೆ, ಅಂಗಲಾಚಿ ನೋಡಿದೆ. ಒಂದು ದಿನ ಗಂಟಲು ಕಟ್ಟಿ ಕೈಸನ್ನೆಯಲ್ಲೇ ಭಾಷಣ ಮಾಡಿದೆ, ಅಂದು ಸಭಿಕರಿಂದ ಒಳ್ಳೆಯ ಪ್ರತಿಕ್ರಿಯೆ ಬಂತು. ಊರಿನವರಿಗೆ ಅದು ಹೊತ್ತು ಕಳೆಯುವ ದಾರಿಯಾಯಿತು. ಹುರಿದ ಶೇಂಗಾ ಕಟ್ಟಿಕೊಂಡು ಬರುತ್ತಿದ್ದರು. ಒಮ್ಮೆ ಒಂದು ಒಣ ಟೊಂಗೆ ನನ್ನ ಛತ್ರಿಯ ಮೇಲೆ ಬಿತ್ತು. ಅದನ್ನು ನಾನು ಮುಖ್ಯ ಕಚೇರಿಗೆ 'ಆಶಾದಾಯಕ ಬೆಳವಣಿಗೆ' ಎಂದು ವರದಿ ಮಾಡಿದೆ. ನನ್ನ ಪರವಾಗಿ ಒಂದೆರಡು ಮರ ಕೇಳಿಕೊಡಿ ಎಂದು ಮೌನಪ್ಪನವರನ್ನು ಬೇಡಿಕೊಂಡೆ. ಅವರು ಪಾಪ, ಸಂಕೋಚಕ್ಕೆ ಬಂದು ಕೈಯಿಟ್ಟರು, ಆದರೆ ಬೇಕಾಗಿಲ್ಲದ್ದನ್ನು ಬೇಕು ಎಂದು ಹೇಳಲು ನಾಲಿಗೆ ಏಳಲಿಲ್ಲ. ಕೈ ಒರೆಸಿಕೊಂಡು, ತಪ್ಪು ತಿಳಿಯಬೇಡಿ ಎಂದು ಹೊರಟುಹೋದರು.

ಊಟಕ್ಕೆ ನಾನು ಕಸ್ತೂರಿಬಾಯಿಯ ಖಾನಾವಳಿಗೆ ಹೋಗುತ್ತಿದ್ದೆ. ಕುಂಬಾರ ಓಣಿಯ ಕೊನೆಯ ಮನೆ ಅದು, ಪಕ್ಕದಲ್ಲೇ ಓಣಿಯ ಬಾವಿ, ಹಿತ್ತಿಲ ಗೋಡೆಗೆ ನೆಡುತೋಪು ತಾಗಿಕೊಂಡಿತ್ತು. ಗಂಡ ತೀರಿಕೊಂಡ ಮೇಲೆ ಆಕೆ ಒಬ್ಬಳೇ ಅದನ್ನು ನಡೆಸುತ್ತಿದ್ದಳು. ನಲವತ್ತು ದಾಟಿದ ವಯಸ್ಸು, ಗಟ್ಟಿ ದನಿ. ತೆಳ್ಳಗಿನ ಜೋಳದ ರೊಟ್ಟಿ, ಎಣ್ಣೆಗಾಯಿ, ನೆಂಚಿಕೊಳ್ಳಲು ಹುಳಿಖಾರದ ಕರಿಂಡಿ. ಬಡಿಸುವಾಗ ಇವತ್ತು ಏನು ಹೇಳಿದಿರಿ ಎಂದು ಕೇಳುತ್ತಿದ್ದಳು. ನಾನು ಹೇಳುತ್ತಿದ್ದೆ. ಅವಳು ನಗುತ್ತಿರಲಿಲ್ಲ, ಅದು ನನಗೆ ದೊಡ್ಡ ಸಮಾಧಾನ. ಬಹಳ ತಡವಾಗಿ ತಿಳಿದದ್ದೇನೆಂದರೆ, ಅವಳು ಒಳಗೆ ಹೋಗಿ ನಗುತ್ತಿದ್ದಳು. ಐವತ್ತರ ಹತ್ತಿರ ಬಂದರೂ ಮದುವೆಯಾಗದೆ ಉಳಿದವನು ನಾನು. ಯಾಕೆ ಎಂದು ಯಾರಾದರೂ ಕೇಳಿದರೆ ಪ್ರವಾಸದ ಕೆಲಸ ಎನ್ನುತ್ತಿದ್ದೆ. ನೋಡಲು ಹೋದ ಮನೆಗಳಲ್ಲೆಲ್ಲ ನಾನು ಕಾಡಿನ ಬಗ್ಗೆ ಮಾತನಾಡಿದ್ದೆ ಎಂಬುದು ನಿಜವಾದ ಕಾರಣ.

ಬೇಸಿಗೆ ಏರಿತು. ನೆಡುತೋಪಿನಲ್ಲಿ ಉದುರಿದ ಎಲೆ ಹಪ್ಪಳದಂತೆ ಒಣಗಿ ಮೊಣಕಾಲುದ್ದ ಬಿದ್ದಿತ್ತು. ನನಗೆ ಬೇರೇನು ಗೊತ್ತಿತ್ತೋ ಇಲ್ಲವೋ, ಅದು ಬೆಂಕಿಗೆ ಹಾಸಿಟ್ಟ ಹಾಸಿಗೆ ಎಂಬುದು ಚೆನ್ನಾಗಿ ಗೊತ್ತಿತ್ತು. ಚಾವಡಿಯಲ್ಲಿ ಊರವರನ್ನು ಕರೆಸಿದೆ. ಹೇಳಬೇಕಾಗಿದ್ದುದು, ಬೆಂಕಿ ಬಿದ್ದರೆ ನಿಮ್ಮ ಮನೆಗಳು ಸುಡುತ್ತವೆ ಎಂಬ ಒಂದೇ ಮಾತು. ನಾನು 'ದಹ್ಯವಸ್ತುಗಳ ಸಾಂದ್ರತೆ' ಎಂದು ಶುರುಮಾಡಿದೆ. ಎಲ್ಲರೂ ಮರ್ಯಾದೆಯಿಂದ ಕೇಳಿದರು. ಪ್ರಶ್ನೆಗಳಿದ್ದರೆ ಕೇಳಬಹುದು ಎಂದಾಗ ಹಿಂದಿನ ಸಾಲಿನ ಅಜ್ಜರೊಬ್ಬರು, ಚಹಾ ಇದೆಯೇ ಎಂದು ಕೇಳಿದರು.

ಅಂದು ಮಧ್ಯಾಹ್ನ ಖಾನಾವಳಿಯಲ್ಲಿ ನಾನೊಬ್ಬನೇ ಇದ್ದೆ. ಕಸ್ತೂರಿಬಾಯಿ ರೊಟ್ಟಿ ಹಾಕುತ್ತ, ಮಳೆಗಾಲಕ್ಕೆ ಮುಂಚೆ ಈ ಊರು ಬಿಡುತ್ತೇನೆ ಎಂದಳು. ಜಂಕ್ಷನ್ನಿನಲ್ಲಿ ಸ್ಟೇಷನ್ನಿನ ಎದುರಿಗೇ ಜಾಗ ನೋಡಿ ಬಂದಿದ್ದಳು. ಇಲ್ಲಿ ಬಂದವರೇ ಬರುತ್ತಾರೆ, ತಿಂದವರೇ ತಿನ್ನುತ್ತಾರೆ. ಈ ಮನೆ ಗಂಡನದು, ಈ ಒಲೆ ಅತ್ತೆಯದು. ಅಲ್ಲಿ ಒಂದೊಂದು ರೈಲಿಗೂ ಹೊಸ ಮುಖ ಇಳಿಯುತ್ತವೆ. "ನನ್ನ ಕೈ ಊಟ ಹೊಸಾ ಮಂದಿ ಉಣಬೇಕ್ರಿ. ಉಂಡು ಅವರು ಏನಂತಾರ, ಕೇಳೂ ಆಶಾ ಐತಿ ನನಗ."

ಏನಾದರೂ ಹೇಳಬೇಕಿತ್ತು. ಜಂಕ್ಷನ್ನಿನಲ್ಲಿ ಒಳ್ಳೆಯ ಕಟ್ಟಿಗೆ ಡಿಪೋ ಇದೆ ಎಂದೆ. ರೈಲಿನಲ್ಲಿ ದಿಮ್ಮಿ ಸಾಗಿಸುವುದರ ಅನುಕೂಲಗಳನ್ನೂ ಸ್ವಲ್ಪ ವಿವರಿಸಿದೆ. ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಇನ್ನೊಂದು ರೊಟ್ಟಿ ಹಾಕಿ ಒಳಗೆ ಹೋದಳು. ಆ ಸಲ ಮಾತ್ರ ಒಳಗೆ ಹೋಗಿಯೂ ನಗಲಿಲ್ಲವಂತೆ.

ಬೆಂಕಿ ಬಂದದ್ದು ಹಾಡಹಗಲಿನಲ್ಲಿ. ದೊಡ್ಡ ಕಾಡಿನ ಅಂಚಿನ ಹುಲ್ಲಿಗೆ ಎಲ್ಲಿಂದಲೋ ಕಿಡಿ ಬಿದ್ದು, ಪಡುವಣ ಗಾಳಿಗೆ ನೆಡುತೋಪಿನೊಳಗೆ ನುಗ್ಗಿತು. ಒಣ ಎಲೆ ಸಿಡಿಯುವ ಸದ್ದು ಮೊದಲು ಕೇಳಿಸಿತು, ಹೊಗೆ ಆಮೇಲೆ ಕಂಡಿತು. ಕುಂಬಾರ ಓಣಿಯವರು ಪಾತ್ರೆ ಪಗಡೆ, ಮಕ್ಕಳನ್ನು ಹೊತ್ತುಕೊಂಡು ಹೊರಗೆ ಬರುತ್ತಿದ್ದರು. ನಾನು ಛತ್ರಿ ನಕ್ಷೆ ಎಲ್ಲ ಬಿಟ್ಟು ಓಡಿದೆ. ಎಲ್ಲಿ ನಿಲ್ಲಿಸಬೇಕು ಎಂಬುದು ನನಗೆ ತಿಳಿದಿತ್ತು. ಎಷ್ಟೋ ವರ್ಷ ಬೇರೆಯವರಿಗೆ ಪಾಠ ಹೇಳಿದ್ದು ಅದನ್ನೇ. ಮನೆಗಳ ಕಡೆಯ ಸಾಲುಗಳನ್ನು ತೆಗೆದು ಅಗಲವಾದ ಬೋಳು ಪಟ್ಟಿ ಮಾಡಿದರೆ ಬೆಂಕಿ ಅದನ್ನು ದಾಟುವುದು ಕಷ್ಟ. ಅದಕ್ಕೆ ಬೆಂಕಿ ರೇಖೆ ಎನ್ನುತ್ತಾರೆ. ಅಂದು ನಾನು ಅದರ ಹೆಸರನ್ನೂ ಹೇಳಲಿಲ್ಲ.

"ಇಲ್ಲಿಂದ ಬಾವಿಯವರೆಗೆ. ಒಬ್ಬೊಬ್ಬರು ಒಂದೊಂದು ಮರ ಹಿಡಿಯಿರಿ. ಬಿದ್ದ ಮೇಲೆ ಎಲೆ ಗುಡಿಸಿ" ಎಂದೆ. ನನ್ನ ಜೀವನದ ಅತಿ ಸಣ್ಣ ಭಾಷಣ ಅದೇ.

ಜನ ಹೊತ್ತದ್ದನ್ನು ಕೆಳಗಿಟ್ಟು ಮರಗಳ ಕಡೆ ಓಡಿದರು. ಅಷ್ಟು ದಿನ ಆ ಮರಗಳಿಗೆ ಹೇಳಲು ಅವರಿಗೆ ಏನೂ ಇರಲಿಲ್ಲ, ಈಗ ಇತ್ತು. ಒಬ್ಬ ಕುಂಬಾರ, ಹಿಂದೆ ಮಡಕೆ ಸುಡುವ ನನ್ನ ಆವಿಗೆ ಇದೆ, ಹಸಿ ಮಡಕೆ ಒಟ್ಟಿಟ್ಟಿದ್ದೇನೆ ಎಂದು ಗೋಗರೆದ. ಒಬ್ಬ ಅಜ್ಜಿ, ಸೊಸೆ ಬಾಣಂತಿ, ಎದ್ದು ಓಡಲಾರಳು ಎಂದಳು. ಶಾಲೆಯ ಅಕ್ಕೋರು ಶಾಲೆಯ ಹೆಸರು ಹೇಳಿದರು. ಮೌನಪ್ಪನವರು ಏನು ಹೇಳಿದರೋ ಕೇಳಿಸಲಿಲ್ಲ, ಹಣೆಯನ್ನು ಬೊಡ್ಡೆಗೆ ಒತ್ತಿ ಹೇಳುತ್ತಿದ್ದರು. ಮರಗಳು ಒಂದರ ಹಿಂದೆ ಒಂದು, ಮನೆಗಳಿಗೆ ಬೆನ್ನು ಮಾಡಿ, ಬೆಂಕಿಯ ಕಡೆಗೆ ಮಲಗತೊಡಗಿದವು. ಒಂದು ಮುಗಿದರೆ ಇನ್ನೊಂದಕ್ಕೆ ಕೈಯಿಟ್ಟು ಅದೇ ಮಾತು ಹೇಳಿದರು. ಹೆಂಗಸರು ಹಸಿ ತೊಪ್ಪಲಿನಿಂದ ತರಗೆಲೆ ಗುಡಿಸಿದರು. ನೆಲ ಬೋಳಾಗುತ್ತ ಬಂತು.

ಬಾವಿಯ ಹತ್ತಿರದ ಕೊನೆಯ ಮರ ಮಾತ್ರ ನಿಂತಿತ್ತು. ಅದನ್ನು ಕಸ್ತೂರಿಬಾಯಿ ಹಿಡಿದಿದ್ದಳು. ಅದರ ಹಿಂದೆಯೇ ಅವಳ ಹಿತ್ತಿಲ ಗೋಡೆ, ಗೋಡೆಯಾಚೆ ಸೋಗೆಯ ಮಾಡು. ನನ್ನ ಮನೆ ಉಳಿಯಬೇಕು ಎಂದಳು. ಮರ ಅಲುಗಲಿಲ್ಲ. ಮತ್ತೆ ಜೋರಾಗಿ ಹೇಳಿದಳು. ಅದೂ ಆಗಲಿಲ್ಲ. ಪಕ್ಕದವರು ಬಂದು ಕೈಯಿಟ್ಟರು. ಅವರವರ ಮನೆಗಳ ಹಿಂದಿನ ಸಾಲು ಆಗಲೇ ಬಿದ್ದಿತ್ತು, ಅವರ ಮಾತಿಗೂ ಈ ಮರ ಕಿವಿಗೊಡಲಿಲ್ಲ. ಆ ಒಂದು ಮರ ಉಳಿದರೂ ಬೆಂಕಿಗೆ ಸೇತುವೆ ಕಟ್ಟಿಕೊಟ್ಟ ಹಾಗೆ. ಕಸ್ತೂರಿಬಾಯಿ ತಿರುಗಿ ನನ್ನನ್ನು ನೋಡಿದಳು. ಆ ಮನೆ ಉಳಿಯಲಿ ಎಂಬ ಆಸೆ ಅವಳಿಗೆ ಇರಲಿಲ್ಲ. ಅದು ಓಣಿಗೆಲ್ಲ ಗೊತ್ತಾಗಿ ಹೋಗುತ್ತಿದೆ ಎಂಬ ಅವಮಾನ ಅವಳ ಮುಖದಲ್ಲಿತ್ತು.

ನಾನು ಅವಳ ಕೈಗಳ ಪಕ್ಕ ನನ್ನ ಎರಡೂ ಅಂಗೈ ಊರಿದೆ. ನನಗೆ ಏನೂ ಹೊಳೆಯಲಿಲ್ಲ, ಯೋಚಿಸಲು ಹೊತ್ತೂ ಇರಲಿಲ್ಲ.

"ಈಕೆ ಈ ಊರು ಬಿಟ್ಟು ಹೋಗಬಾರದು" ಎಂದೆ. "ಹೋದರೆ ನನಗೆ ಊಟ ಸೇರುವುದಿಲ್ಲ."

ಮರ ನರಳಿದ ಹಾಗೆ ಸದ್ದು ಮಾಡಿ, ಬೋಳು ಪಟ್ಟಿಯ ಉದ್ದಕ್ಕೆ ಮಲಗಿತು. ಇಷ್ಟು ತಿಂಗಳ ಮೇಲೆ ನನ್ನ ಮಾತಿಗೆ ಬಿದ್ದ ಮೊದಲ ಮರ. ಸಂತೋಷಪಡಲು ಆಗಲಿಲ್ಲ. ನಮ್ಮ ಕಡೆಯಿಂದ ಎದುರು ಬೆಂಕಿ ಹಚ್ಚಿದೆವು. ಅದು ಬಿದ್ದ ಮರಗಳ ಮೇಲಿಂದ ಹಾದು, ಬರುತ್ತಿದ್ದ ಬೆಂಕಿಯನ್ನು ನೆಡುತೋಪಿನ ನಡುವೆ ಸೇರಿತು, ಎರಡೂ ಸುಡಲು ಏನೂ ಸಿಗದೆ ಅಡಗಿದವು. ಸಂಜೆ ಎಲ್ಲರೂ ಮಸಿ ಮುಖ ಹೊತ್ತು ಬಾವಿಯ ಕಟ್ಟೆಯ ಮೇಲೆ ಕುಳಿತಿದ್ದರು. ಆವಿಗೆ ಉಳಿದದ್ದರ ಬಗ್ಗೆ ಮಾತಾಡಿದರು, ಬಾಣಂತಿಯ ಬಗ್ಗೆ ಮಾತಾಡಿದರು. ನಾನು ಹೇಳಿದ್ದರ ಬಗ್ಗೆ ಒಬ್ಬರೂ ಒಂದು ಮಾತು ಆಡಲಿಲ್ಲ. ಓಣಿಗೆ ಓಣಿಯೇ ಅದನ್ನು ಕೇಳಿಸಿಕೊಂಡಿತ್ತು ಎಂಬುದು ಅದರಿಂದಲೇ ಖಚಿತವಾಯಿತು.

ಮರುದಿನ ಖಾನಾವಳಿಗೆ ಹೋಗುವುದೋ ಬೇಡವೋ ಎಂದು ಬಹಳ ತೂಗಿ ನೋಡಿ, ಹಸಿವಾದದ್ದರಿಂದ ಹೋದೆ. ಕಸ್ತೂರಿಬಾಯಿ ಎಂದಿನ ಹಾಗೆ ಬಡಿಸಿದಳು. ನೀರು ತುಂಬಿದಳು. ಆಮೇಲೆ ಕೈ ಕಟ್ಟಿ ನಿಂತು ಹೇಳಿದಳು: "ಮರಾನ ಕೇಳಿದ್ರಿ. ನನ್ನ ಕೇಳಲಿಲ್ಲ."

ಹೇಳಿ ಒಳಗೆ ಹೋದಳು. ಮರದ ಒಪ್ಪಿಗೆಯಿಲ್ಲದೆ ಒಂದು ಕಡ್ಡಿಯನ್ನೂ ತರದ ಊರಿನಲ್ಲಿ, ಒಬ್ಬ ಹೆಂಗಸು ಎಲ್ಲಿರಬೇಕು ಎಂಬುದನ್ನು ನಾನು ಅವಳ ಪಕ್ಕದಲ್ಲೇ ನಿಂತು, ಅವಳನ್ನು ಬಿಟ್ಟು ತೀರ್ಮಾನ ಮಾಡಿಸಿಕೊಂಡಿದ್ದೆ. ನನ್ನ ಕೆಲಸದ ಮೊದಲ ಪಾಠವೇ, ಕಾಡಿನ ನಿರ್ಧಾರದಲ್ಲಿ ಕಾಡಿನವರು ಪಾಲುದಾರರಾಗಿರಬೇಕು ಎಂಬುದು. ಅದರ ಮೇಲೆ ನಾನು ಎರಡು ಕಿರುಹೊತ್ತಗೆ ಬರೆದಿದ್ದೇನೆ. ಆ ದಿನ ಎಣ್ಣೆಗಾಯಿಯಲ್ಲಿ ಉಪ್ಪು ಹೆಚ್ಚಾಗಿತ್ತು. ಪೂರ್ತಿ ತಿಂದು ಎದ್ದೆ.

ಅಷ್ಟರಲ್ಲಿ ಅಧ್ಯಕ್ಷರು ಬಂದರು. ಮನೆಗಳ ಕಡೆಯ ಸಾಲುಗಳು ಮಲಗಿ ನೆಡುತೋಪಿನೊಳಗೆ ಬೆಳಕು ಬಿದ್ದದ್ದನ್ನು ಕಂಡು, ಅದೇ ವಿರಳೀಕರಣ ಎಂದುಕೊಂಡು ಅವರಿಗೆ ಬಹಳ ಸಂತೋಷವಾಯಿತು. ಬೆಂಕಿಯ ವಿಷಯ ಹೇಳಲು ಹೋದೆ, ವಿನಯ ಎಂದುಕೊಂಡು ನನ್ನ ಬೆನ್ನು ತಟ್ಟಿದರು. ಬಿದ್ದ ದಿಮ್ಮಿಗಳಲ್ಲಿ ಒಂದರಿಂದ ತಮ್ಮ ಭಾಷಣಕ್ಕೆ ನಿಲುಮೇಜು ಆಗಬೇಕೆಂದರು. ಅವು ಮನೆ ಉಳಿಸುವುದಕ್ಕೆ ಬಿದ್ದ ಮರಗಳು, ಅವುಗಳ ಕೆಲಸ ಮುಗಿದಿದೆ, ಇನ್ನೇನಕ್ಕೂ ಒದಗುವುದಿಲ್ಲ ಎಂದು ಮೌನಪ್ಪನವರು ತಿಳಿಸಿ ಹೇಳಿದರು. ಆದರೂ ಮಾಡು ಎಂದದ್ದಕ್ಕೆ ಮಾಡಿಕೊಟ್ಟರು. ಅಧ್ಯಕ್ಷರು "ಆತ್ಮೀಯರೇ" ಎಂದು ಶುರುಮಾಡಿ ನಾಡಿನ ವನಸಂಪತ್ತಿಗೆ ಬರುವ ಹೊತ್ತಿಗೆ ಹಲಗೆ ಟಪ್ಪೆಂದು ಸೀಳಿ, ಕಾಗದಗಳು, ಕನ್ನಡಕ, ನೀರಿನ ಲೋಟ ಎಲ್ಲ ಅದರ ಹೊಟ್ಟೆಯೊಳಗೆ ಬಿದ್ದವು. ಜನ ಶೇಂಗಾ ತಿನ್ನುವುದನ್ನು ನಿಲ್ಲಿಸಿ ನೋಡಿದರು. ಇಷ್ಟು ವರ್ಷ ನಾನು ಹೊರಗಿನವರಿಗೆ ಹೇಗೆ ಕಾಣುತ್ತಿದ್ದೆ ಎಂಬುದು ಅಂದು ಕೆಳಗೆ ಕುಳಿತಾಗ ನನಗೆ ಕಂಡಿತು. ಗೆದ್ದಲಿನ ಕಾಟ ಎಂದು ಅಧ್ಯಕ್ಷರು ತೀರ್ಮಾನಿಸಿ, ಅದರ ಅಧ್ಯಯನಕ್ಕೆ ಒಂದು ಸಮಿತಿಯನ್ನು ಅಲ್ಲೇ ಘೋಷಿಸಿದರು. ನನ್ನನ್ನು ಮುಖ್ಯ ಕಚೇರಿಗೆ ಕರೆಸಿಕೊಂಡು, ಹೊಸ ಪ್ರಚಾರಕರಿಗೆ ಭಾಷಣ ಕಲಿಸುವ ಹುದ್ದೆ ಕೊಡುವುದಾಗಿಯೂ ಹೇಳಿದರು.

ಅವರು ಹೋದ ಮೇಲೆ ಮೌನಪ್ಪನವರು ಓಣಿಯ ಕೆಲವರನ್ನು ಕರೆದುಕೊಂಡು ನನ್ನ ಕೋಣೆಗೆ ಬಂದರು. ಬೆಂಕಿಯ ದಿನ ಯಾವ ಮರ ಹಿಡಿಯಬೇಕೆಂದು ನೀವು ತೋರಿಸಿದಿರಿ, ಹಾಗೆಯೇ ಉಳಿದದ್ದನ್ನೂ ತೋರಿಸಿಕೊಡಿ ಎಂದರು. ಮುಂದಿನ ವಾರವೆಲ್ಲ ನಾವು ನೆಡುತೋಪು, ದೊಡ್ಡ ಕಾಡು ಎರಡನ್ನೂ ಸುತ್ತಿದೆವು. ಒತ್ತಿಗೆ ಸಿಕ್ಕು ಬಾಳದ ಮರ ಯಾವುದು, ಬೀಜಕ್ಕೆ ಬಿಡಬೇಕಾದ ತಾಯಿಮರ ಯಾವುದು, ಗಳುವಿಗೆ ಯಾವುದು ಸಾಕು, ತೊಲೆಗೆ ಯಾವುದು ಬೇಕು ಎಂದು ನಾನು ತೋರಿಸಿದೆ. ಚಪ್ಪರದ ಗಳು, ಗುದ್ದಲಿಯ ಕಾವು, ಸೌಟಿನ ಹಿಡಿಗೆಲ್ಲ ಇನ್ನು ಮೊದಲು ನೆಡುತೋಪಿನ ಬಡಕಲು ಮರಗಳನ್ನೇ ಕೇಳುವುದು, ದೊಡ್ಡ ಮರಗಳಿಗೆ ತೊಂದರೆ ಕೊಡದಿರುವುದು ಎಂದು ಅವರೇ ಮಾತಾಡಿಕೊಂಡರು. ಕೇಳುವುದು ಹೇಗೆ ಎಂಬುದು ಅವರಿಗೆ ಗೊತ್ತಿತ್ತು, ಯಾವುದನ್ನು ಕೇಳಬೇಕು ಎಂಬುದು ನನಗೆ ಗೊತ್ತಿತ್ತು. ಭಾಷಣ ಮಾಡಲಿಲ್ಲ, ಮರಗಳಿಗೆ ಸುಣ್ಣದ ಗುರುತು ಹಾಕಿದೆ. ಸಂಘ ನನ್ನನ್ನು ಕಳಿಸಿದ್ದ ಕೆಲಸ ಹಾಗೆ ಒಂದು ಸುಣ್ಣದ ಬಕೀಟಿನಲ್ಲಿ ಮುಗಿಯಿತು.

ಬಾವಿಯ ಹತ್ತಿರದ ನನ್ನ ಮರ ಮಾತ್ರ ಹಾಗೆಯೇ ಬಿದ್ದಿತ್ತು. ತೊಗಟೆ ಸ್ವಲ್ಪ ಕರಕಾದದ್ದು ಬಿಟ್ಟರೆ ಅದಕ್ಕೇನೂ ಆಗಿರಲಿಲ್ಲ. ಒಂದು ಬೆಳಿಗ್ಗೆ ಮೌನಪ್ಪನವರು ಒಂದು ಹಲಗೆ ಹಿಡಿದುಕೊಂಡು ಬಂದರು. ನನ್ನನ್ನು ಕೇಳದೆಯೇ ಆ ಮರದಿಂದ ಕಸ್ತೂರಿಬಾಯಿಗೆ ರೊಟ್ಟಿ ಬಡಿಯುವ ಹಲಗೆ ಮಾಡಿದ್ದರಂತೆ. ಅವಳು ಊರಲ್ಲಿ ಉಳಿದು ರೊಟ್ಟಿ ಬಡಿಯಲಿ ಎಂಬ ಲೆಕ್ಕ. ಹಿಂದಿನ ದಿನ ನುಣುಪು ಮಾಡಿ ಗೋಡೆಗೆ ಒರಗಿಸಿಟ್ಟಿದ್ದರು. ಬೆಳಿಗ್ಗೆ ನೋಡಿದರೆ ಮೇಲಿಂದ ಕೆಳಗಿನವರೆಗೆ ಸೀಳು.

"ಮರ ಒಪ್ಪಿಕೊಂಡಿತ್ರಿ" ಎಂದರು ಮೌನಪ್ಪ. "ಕಸ್ತೂರಿಬಾಯಾರು ಒಪ್ಪಬೇಕಲ್ರಿ."

ಅವರು ಹಲಗೆಯನ್ನು ನನ್ನ ಕಿಟಕಿಯ ಬಳಿ ಇಟ್ಟು, ಬೇರೆ ಕೆಲಸವಿದೆ ಎಂದು ಹೊರಟರು. ನಾನು ಖಾನಾವಳಿಗೆ ನಡೆದೆ. ದಾರಿಯಲ್ಲಿ ಹೇಳಬೇಕಾದ್ದನ್ನೆಲ್ಲ ಜೋಡಿಸಿಕೊಂಡೆ. ಪೀಠಿಕೆ ಇತ್ತು, ಮೂರು ಮುಖ್ಯ ಅಂಶಗಳಿದ್ದವು, ಉಪಸಂಹಾರವೂ ಇತ್ತು.

ಖಾನಾವಳಿಯಲ್ಲಿ ಒಲೆ ಹಚ್ಚಿರಲಿಲ್ಲ. ಗೋಡೆಯ ಹಲಗೆಗಳು ಖಾಲಿಯಾಗಿದ್ದವು. ಪಡಸಾಲೆಯಲ್ಲಿ ಚೀಲಗಳನ್ನು ಕಟ್ಟಿಟ್ಟಿದ್ದಳು. ಕಸ್ತೂರಿಬಾಯಿ ಕೊನೆಯ ಚೀಲದ ಬಾಯಿಗೆ ಹುರಿ ಬಿಗಿಯುತ್ತಿದ್ದವಳು ತಲೆ ಎತ್ತಿ, ಊಟ ಇಲ್ಲ ಎಂದಳು. ನಾನು ಊಟಕ್ಕೆ ಬರಲಿಲ್ಲ ಎಂದೆ. ನನ್ನ ಪೀಠಿಕೆ ಅಲ್ಲಿಗೇ ಮರೆತುಹೋಯಿತು.

"ಹೋಗಬೇಡಿ ಎಂದು ಹೇಳಲು ಬಂದಿಲ್ಲ" ಎಂದೆ. "ನಾನೂ ಬರಲೇ ಎಂದು ಕೇಳಲು ಬಂದೆ."

ಅವಳು ಹುರಿ ಬಿಗಿಯುವುದನ್ನು ನಿಲ್ಲಿಸಿದಳು. "ಬಂದು ಏನ್ ಮಾಡ್ತೀರಿ?"

ಆಡಳಿತದಲ್ಲಿ ನನಗೆ ದೀರ್ಘ ಅನುಭವವಿದೆ, ಉರುವಲಿನ ಮಿತಬಳಕೆಯ ವಿಷಯದಲ್ಲೂ ಎಂದು ಶುರುಮಾಡಿದೆ. ಅವಳು ಅಂಗೈ ಎತ್ತಿ ತಡೆದಳು. ಬೈಯಲಿಲ್ಲ.

"ಉಳ್ಳಾಗಡ್ಡಿ ಹೆಚ್ಚುತ್ತೇನೆ" ಎಂದೆ. "ತಟ್ಟೆ ತೊಳೆಯುತ್ತೇನೆ. ಹೊಸಬರು ಉಂಡು ಏನೆಂದರು ಎಂದು ನಿಮಗೆ ಒಳಗೆ ಕೇಳಿಸದಿದ್ದರೆ, ಬಂದು ಹೇಳುತ್ತೇನೆ."

ಅವಳು ಬಿಟ್ಟಿದ್ದ ಹುರಿಯನ್ನು ಮತ್ತೆ ಹಿಡಿದು ಗಂಟು ಬಿಗಿದಳು. ಮರಗಳ ಮುಂದೆ ಎಷ್ಟು ಹೊತ್ತು ಕಾದಿದ್ದೇನೋ ಲೆಕ್ಕವಿಲ್ಲ, ಆದರೆ ಅಂಥ ಕಾಯುವಿಕೆ ನನಗೆ ಹೊಸದು. ಹೊರಗೆ ಬಸ್ಸು ಬಂದು ನಿಂತ ಸದ್ದಾಯಿತು. ಕಂಡಕ್ಟರು ಸೀಟಿ ಊದಿದರು. ಕಸ್ತೂರಿಬಾಯಿ ಎದ್ದು ಸೆರಗು ಸಿಕ್ಕಿಸಿಕೊಂಡು, ಹಗುರದ ಎರಡು ಚೀಲಗಳನ್ನು ತಾನು ತೆಗೆದುಕೊಂಡಳು. ಬಾಗಿಲ ಹತ್ತಿರ ಹೋದವಳು ಹಿಂದಿರುಗಿ ನೋಡದೆಯೇ ಹೇಳಿದಳು.

"ಆ ಮೂಲ್ಯಾಗಿನ ಚೀಲ ಭಾಳ ವಜ್ಜಿ ಐತ್ರಿ. ಹುಷಾರಿಲೆ ಎತ್ತರಿ."

ನಾನು ಅದನ್ನು ಹೆಗಲಿಗೇರಿಸಿದೆ. ಎರಡು ಹೆಜ್ಜೆಗೆ ಸೊಂಟ ಹಿಡಿದುಕೊಂಡಿತು. ಅದರೊಳಗೆ ರುಬ್ಬುವ ಕಲ್ಲು ಇತ್ತು.